ಹಳೆಯ ಸೈಟಿಗೆ ಬೀಗ ಬಿದ್ದದ್ದು ಹೇಗೆ?

ಬೇಲೂರಿನಿಂದ ಬಿಕ್ಕೋಡಿನ ಕಡೆಗೆ ಹೊರಟರೆ ಕಾಫಿ ತೋಟಗಳ ನಡುವೆ ಹೋಂಸ್ಟೇ ಬೋರ್ಡುಗಳು ಎದುರಾಗುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ದೂರದೂರಿನವರು ಮೊದಲು ಹುಡುಕುವುದು ಮೊಬೈಲಿನಲ್ಲಿ. ಹಾಗಾಗಿ ತೋಟದವರಿಗೂ ಒಂದು ವೆಬ್‌ಸೈಟ್ ಬೇಕು. ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್‌ನಲ್ಲಿ ಮಾಡಿಕೊಡುತ್ತಾನೆ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುತ್ತಾನೆ. ಮಳೆಗಾಲ ಮುಗಿದ ಮೇಲೆ ಬೋರ್ಡಿಗೆ ಬಣ್ಣ ಬೀಳುತ್ತದೆ, ಸೈಟನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಒಂದು ದಿನ ಅದು ತೆರೆಯುವುದೇ ಇಲ್ಲ: ಹೋಸ್ಟಿಂಗ್ ಕಂಪನಿ ಖಾತೆಯನ್ನು ಅಮಾನತು ಮಾಡಿರುತ್ತದೆ.

ವರ್ಷದ ಬಾಡಿಗೆ ಕಟ್ಟಿದ್ದೇನೆ, ನನ್ನ ಸೈಟು ಮುಚ್ಚಲು ಇವರು ಯಾರು ಎಂದು ಮಾಲೀಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಕೆಂದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ವರ್ಡ್‌ಪ್ರೆಸ್ ಹುಟ್ಟಿದ್ದು 2003ರ ಮೇನಲ್ಲಿ. ಕನ್ನಡದಲ್ಲಿ ಹರಿಪ್ರಸಾದ್ ನಾಡಿಗರು ಕಟ್ಟಿದ ‘ಸಂಪದ’ದಂಥ ತಾಣಗಳು ದ್ರುಪಲ್ ಮೇಲೆ ನಡೆದವು. ಎರಡೂ ಸೈಟು ಕಟ್ಟಲು ಬಿಟ್ಟಿ ಸಿಗುವ ತಂತ್ರಾಂಶಗಳು. ಒಂದೇ ಸರ್ವರಿನಲ್ಲಿ ನೂರಾರು ಸೈಟುಗಳನ್ನು ಇಡುವ ‘ಶೇರ್ಡ್ ಹೋಸ್ಟಿಂಗ್’ ಅಗ್ಗವಾಗಿ ಸಿಗತೊಡಗಿತು. ಆಗಿನ ಕಂಪನಿಗಳು ಜಾಗವೆಷ್ಟು, ಬಾಡಿಗೆಯೆಷ್ಟು ಎಂದು ನೋಡುತ್ತಿದ್ದವೇ ಹೊರತು ಒಳಗಿನ ತಂತ್ರಾಂಶ ಹಳೆಯದೋ ಹೊಸದೋ ಎಂಬ ಗೊಡವೆಗೆ ಹೋಗುತ್ತಿರಲಿಲ್ಲ.

ಆದರೆ ಒಬ್ಬರ ಸೈಟಿಗೆ ನುಗ್ಗಿದವರು ಅಲ್ಲಿಂದಲೇ ಸಾವಿರಾರು ಸ್ಪ್ಯಾಮ್ ಮೇಲ್ ಕಳಿಸತೊಡಗಿದರು. ಸರ್ವರಿನ ಐಪಿ ವಿಳಾಸ ಕಪ್ಪುಪಟ್ಟಿಗೆ ಬಿದ್ದರೆ, ಅದೇ ಸರ್ವರಿನಲ್ಲಿದ್ದ ನಿರಪರಾಧಿಗಳ ಮೇಲ್‌ಗಳೂ ವಾಪಸು ಬರುತ್ತವೆ. ಕಾಂಡ ಕೊರೆಯುವ ಬೋರರ್ ಹುಳು ಹತ್ತಿದ ಅರೇಬಿಕಾ ಕಾಫಿ ಗಿಡವನ್ನು ದುಂಬಿ ಹಾರುವ ಮೊದಲೇ ಪತ್ತೆಹಚ್ಚಿ ಬುಡಸಮೇತ ಕಿತ್ತು ಸುಡದಿದ್ದರೆ ಪಕ್ಕದ ತೋಟಕ್ಕೂ ಕಂಟಕ ಎಂಬುದನ್ನು ಬಿಕ್ಕೋಡಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೋಸ್ಟಿಂಗ್‌ನವರು ‘ಅಪ್‌ಡೇಟ್ ಮಾಡಿ, ಇಲ್ಲವೇ ಬಂದ್’ ಎನ್ನತೊಡಗಿದ್ದು ಇದೇ ಕಾರಣಕ್ಕೆ.

2011ರಲ್ಲಿ ‘ಟಿಮ್‌ಥಂಬ್’ ಎಂಬ, ಫೋಟೊಗಳ ಅಳತೆ ಬದಲಿಸುವ ಪುಟ್ಟ ಫೈಲಿನಲ್ಲಿ ದೋಷ ಪತ್ತೆಯಾಯಿತು. ಅದು ವರ್ಡ್‌ಪ್ರೆಸ್ ಸೈಟುಗಳಿಗೆ ರೂಪ ಕೊಡುವ ಎಷ್ಟೋ ಥೀಮ್‌ಗಳ ಒಳಗೆ ಕೂತಿತ್ತು. ತಮ್ಮ ಸೈಟಿನಲ್ಲಿ ಅಂಥದ್ದೊಂದು ಇದೆ ಎಂಬುದೇ ಹೆಚ್ಚಿನವರಿಗೆ ತಿಳಿದಿರಲಿಲ್ಲ. 2013ರಲ್ಲಿ ವರ್ಡ್‌ಪ್ರೆಸ್ 3.7 ಬಂದಾಗ ಸಣ್ಣ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಕೂರುವ ವ್ಯವಸ್ಥೆಯಾಯಿತು.

ಮರುವರ್ಷದ ಒಂದು ರಾತ್ರಿ ಎಲ್ಲರ ಕಣ್ಣು ತೆರೆಸಿತು. 2014ರ ಅಕ್ಟೋಬರ್ 15ರಂದು ದ್ರುಪಲ್ ತನ್ನಲ್ಲಿನ ದೊಡ್ಡ ದೋಷವನ್ನೂ ಅದರ ಪರಿಹಾರವನ್ನೂ ಪ್ರಕಟಿಸಿದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಏಳು ಗಂಟೆಯೊಳಗೆ, ಅಂದರೆ ನಮ್ಮ ಬೆಳಗಿನ ಜಾವ ನಾಲ್ಕೂವರೆಗೆ ಮುಂಚೆ, ಸರಿಪಡಿಸದ ಸೈಟುಗಳೆಲ್ಲ ಕೈತಪ್ಪಿವೆ ಎಂದೇ ತಿಳಿಯಿರಿ ಎಂದು ಅದರ ಭದ್ರತಾ ತಂಡ ಎರಡು ವಾರಗಳ ನಂತರ ಹೇಳಿತು. ಬೆಳಿಗ್ಗೆ ಎದ್ದು ನೋಡಿಕೊಂಡರಾಯಿತು ಎನ್ನುವ ಕಾಲ ಅಲ್ಲಿಗೆ ಮುಗಿಯಿತು.

2017ರ ಜನವರಿ 26ರಂದು ವರ್ಡ್‌ಪ್ರೆಸ್ ಬೇರೆ ಹಾದಿ ಹಿಡಿಯಿತು. 4.7.2 ಆವೃತ್ತಿಯಲ್ಲಿ ಒಂದು ಗಂಭೀರ ದೋಷವನ್ನು ಸದ್ದಿಲ್ಲದೆ ಸರಿಪಡಿಸಿ, ಹೋಸ್ಟಿಂಗ್ ಕಂಪನಿಗಳಿಗೆ ಮೊದಲೇ ತಿಳಿಸಿ, ಫೆಬ್ರುವರಿ 1ರವರೆಗೆ ವಿಷಯ ಹೊರಗೆ ಬಿಡಲಿಲ್ಲ. ಹಾಗಿದ್ದೂ ಅಪ್‌ಡೇಟ್ ಆಗದೆ ಉಳಿದಿದ್ದ ಸೈಟುಗಳ ಹದಿನೈದು ಲಕ್ಷಕ್ಕೂ ಹೆಚ್ಚು ಪುಟಗಳು ಕೆಲವೇ ದಿನಗಳಲ್ಲಿ ವಿರೂಪಗೊಂಡವು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿ, ಇಂಥ ದಾಳಿಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು ಉಳಿಸಿಕೊಳ್ಳಬೇಕು ಎಂದಿತು.

ಅಮಾನತಾದ ಸೈಟಿನ ಒಳಹೊಕ್ಕು ನೋಡಿ. ಫೋಟೊಗಳಷ್ಟೇ ಇರಬೇಕಾದ ‘ಅಪ್‌ಲೋಡ್ಸ್’ ಫೋಲ್ಡರಿನಲ್ಲಿ, ಕಾಫಿ ಹೂವು, ತೊಟ್ಟಿಮನೆಗಳ ಚಿತ್ರಗಳ ಮಧ್ಯೆ, ಅರ್ಥವಿಲ್ಲದ ಹೆಸರಿನ ಪಿಎಚ್‌ಪಿ ಫೈಲೊಂದು ಅಡಗಿರುತ್ತದೆ. ಅದೇ ನುಗ್ಗಿದವರ ಕಳ್ಳಬಾಗಿಲು. ಗೂಗಲ್‌ನಲ್ಲಿ ಹೋಂಸ್ಟೇ ಹೆಸರು ಹುಡುಕಿದರೆ ಅದರ ಕೆಳಗೆ ಜಪಾನಿ ಅಕ್ಷರಗಳಲ್ಲಿ ನಕಲಿ ಸಾಮಾನಿನ ಜಾಹೀರಾತು ಬರುತ್ತಿರುತ್ತದೆ. ಮಾಲೀಕರು ನೇರವಾಗಿ ಸೈಟು ತೆರೆದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಈಗ ಹೊಸದಾಗಿ ಅಪ್‌ಡೇಟ್ ಮಾಡಿದರೂ ಆ ಫೈಲು ಹೋಗುವುದಿಲ್ಲ, ಹುಡುಕಿ ತೆಗೆಯಲೇಬೇಕು.

ಅಪ್‌ಡೇಟ್ ಮಾಡದಿದ್ದರೆ ಬಂದ್ ಎಂಬ ಹೋಸ್ಟಿಂಗ್ ಕಂಪನಿಗಳ ನಿಯಮ ಸರಿಯಾದದ್ದು ಎಂದೇ ನನ್ನ ಅಭಿಪ್ರಾಯ. ಜಾರಿಯಾಗುವ ರೀತಿ ಮಾತ್ರ ಸರಿಯಿಲ್ಲ. ಎಚ್ಚರಿಕೆಯ ಮೇಲ್ ಇಂಗ್ಲಿಷಿನಲ್ಲಿ, ಅದೂ ಸೈಟು ಮಾಡಿಕೊಟ್ಟು ಹೋದ ಹುಡುಗನ ವಿಳಾಸಕ್ಕೆ ಹೋಗುತ್ತದೆ. ಕನ್ನಡದಲ್ಲಿ ಎರಡು ಸಾಲು, ಮಾಲೀಕರ ಮೊಬೈಲಿಗೆ ಒಂದು ಕರೆ, ಇಷ್ಟನ್ನು ಕಂಪನಿಗಳು ಮಾಡಲೇಬೇಕು.

ತೋಟದವರಲ್ಲಿ ನನ್ನದೊಂದು ಕೋರಿಕೆ. ಹೋಸ್ಟಿಂಗ್ ಖಾತೆಯಲ್ಲಿರುವ ಮೇಲ್ ವಿಳಾಸ, ಫೋನ್ ನಂಬರು ಯಾರವು ಎಂದು ಇವತ್ತೇ ವಿಚಾರಿಸಿ, ನಿಮ್ಮದಲ್ಲದಿದ್ದರೆ ಬದಲಾಯಿಸಿಕೊಳ್ಳಿ. ಇನ್ನು ಮುಂದೆ ಯಾರಿಂದ ಸೈಟು ಮಾಡಿಸಿದರೂ ಅಪ್‌ಡೇಟ್ ಯಾರ ಹೊಣೆ, ವರ್ಷಕ್ಕೆ ಎಷ್ಟು ದುಡ್ಡು ಎಂಬುದನ್ನು ಮೊದಲೇ ಬರೆಸಿಕೊಳ್ಳಿ.