ಕಿಸಾನ್ ಹಣ ದುಡಿದವನಿಗೋ, ಪಹಣಿಗೋ?

ಸಬ್ಸಿಡಿ ಯಾರಿಗೆ ಸಿಗುತ್ತೆ ಅಂತ ಚೆಟ್ಟಳ್ಳಿಯಲ್ಲಿ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಪಹಣಿಯಲ್ಲಿ ಹೆಸರಿದ್ದವರಿಗೆ.

ಪಿಎಂ ಕಿಸಾನ್ ನೋಡಿ. 2019ರಲ್ಲಿ ಶುರುವಾದದ್ದು. ವರ್ಷಕ್ಕೆ 6000 ರೂಪಾಯಿ, 2000ದಂತೆ ಮೂರು ಕಂತು. ಮೊದಲಿದ್ದ 2 ಹೆಕ್ಟೇರ್ ಮಿತಿಯನ್ನು ಅದೇ ವರ್ಷ ತೆಗೆದರು. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರರು ಮುಂತಾದವರನ್ನು ಬಿಟ್ಟರೆ ದೊಡ್ಡ ತೋಟದವರಿಗೂ ಅರ್ಹತೆ ಉಂಟು. ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವನಿಗೆ ಸ್ವಂತ ಜಾಗ ಇಲ್ಲದಿದ್ದರೆ ಬಿಡಿಗಾಸೂ ಇಲ್ಲ.

ಕೊಡಗಿನ ತೊಡಕು ಬೇರೆಯೇ. ಜಮ್ಮಾ ಜಾಗ ಇಡೀ ಕುಟುಂಬದ್ದು. ಪಹಣಿಯಲ್ಲಿ ಎಷ್ಟೋ ಕಡೆ ಇನ್ನೂ ತೀರಿಹೋದ ಪಟ್ಟೇದಾರರ ಹೆಸರೇ ಇದೆ. ತೋಟದಲ್ಲಿ ದುಡಿಯುವವ ದಾಖಲೆಯಲ್ಲೇ ಇಲ್ಲ! 6000ಕ್ಕಿಂತ ಇದೇ ದೊಡ್ಡ ನಷ್ಟ ಅನ್ನುತ್ತೇನೆ. ಬೆಳೆ ಸಾಲಕ್ಕೆ, ಮಳೆಹಾನಿ ಪರಿಹಾರಕ್ಕೆ ಕೇಳುವುದೂ ಅದೇ ಪಹಣಿಯನ್ನು.

ದಾರಿ ಇದೆ. 1-2-2019ರ ನಂತರ ಕೊಂಡ ಭೂಮಿಗೆ ಈ ಹಣ ಇಲ್ಲ; ಮರಣದಿಂದ ವಾರಸುದಾರರಿಗೆ ಬಂದ ಭೂಮಿಗೆ ವಿನಾಯಿತಿ ಉಂಟು. ಆದ್ದರಿಂದ ಮನೆಮಂದಿ ಕೂತು ಮಾತಾಡಿ. ಮರಣ ಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ ಅರ್ಜಿ ಕೊಡಿ. ಆಮೇಲೆ ಫ್ರೂಟ್ಸ್ ನೋಂದಣಿ, ಇ-ಕೆವೈಸಿ. ತಡ ಮಾಡಿದಷ್ಟೂ ವಂಶವೃಕ್ಷಕ್ಕೆ ಕೊಂಬೆ ಜಾಸ್ತಿ, ಸಹಿ ಹಾಕಿಸುವ ಕೆಲಸವೂ ಜಾಸ್ತಿ.