ಸ್ತನದಲ್ಲಿ ಗಂಟೇ? ಪರೀಕ್ಷೆಗೆ ಹಿಂಜರಿಯಬೇಡಿ

ಸ್ನಾನ ಮಾಡುವಾಗ ಸ್ತನದಲ್ಲಿ ಸಣ್ಣ ಗಂಟೊಂದು ಕೈಗೆ ತಾಗುತ್ತದೆ. ನೋವಿಲ್ಲ. ಆದ್ದರಿಂದ ಅನೇಕ ಮಹಿಳೆಯರು ಅದನ್ನು ಯಾರಿಗೂ ಹೇಳುವುದಿಲ್ಲ. ರಮಝಾನ್ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ತಿಂಗಳುಗಳನ್ನು ದೂಡುತ್ತಾರೆ. ವೈದ್ಯರಿಗೆ ತೋರಿಸಲು ಸಂಕೋಚ ಬೇರೆ. ಆದರೆ ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹಾಗೆಯೇ, ಎಲ್ಲಾ ಗಂಟುಗಳೂ ಕ್ಯಾನ್ಸರ್ ಅಲ್ಲ, ಹೆಚ್ಚಿನವು ನಿರಪಾಯಕಾರಿ. ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಪರೀಕ್ಷೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ವೈದ್ಯರು ಎರಡೂ ಸ್ತನಗಳನ್ನು ಮತ್ತು ಕಂಕುಳನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಮಹಿಳಾ ವೈದ್ಯರೇ ಬೇಕೆಂದು ನೀವು ಕೇಳಬಹುದು. ಆದರೆ ಅವರು ಸಿಗಲಿಲ್ಲವೆಂದು ಪರೀಕ್ಷೆಯನ್ನೇ ಬಿಡಬಾರದು.

ಎರಡನೆಯದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಕೆಲವು ಸೆಕೆಂಡು ಸ್ತನವನ್ನು ಒತ್ತಿ ಹಿಡಿಯುವುದರಿಂದ ತುಸು ನೋವಾಗಬಹುದು. ಆ ದಿನ ಕಂಕುಳಿಗೆ ಪೌಡರ್ ಹಚ್ಚಬೇಡಿ. ಅದು ಚಿತ್ರದಲ್ಲಿ ಕಲೆಯಂತೆ ಮೂಡಬಹುದು. ಯುವತಿಯರಿಗೆ ಮತ್ತು ಗರ್ಭಿಣಿಯರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುತ್ತಾರೆ. ವರದಿಯಲ್ಲಿ ‘ಬೈರಾಡ್ಸ್’ ಎಂಬ ಅಂಕಿ ಇರುತ್ತದೆ. 0 ಇದ್ದರೆ ಇನ್ನಷ್ಟು ಚಿತ್ರಗಳು ಬೇಕೆಂದರ್ಥ. 1 ಅಥವಾ 2 ಆದರೆ ಚಿತ್ರದಲ್ಲಿ ಕ್ಯಾನ್ಸರ್‌ನ ಗುರುತಿಲ್ಲ. 3 ಆದರೆ ಸುಮಾರು 6 ತಿಂಗಳ ಬಳಿಕ ಪುನಃ ಪರೀಕ್ಷೆ. 4 ಅಥವಾ 5 ಆದರೆ ಬಯಾಪ್ಸಿ ಬೇಕು.

ಮೂರನೆಯ ಹಂತವೇ ಬಯಾಪ್ಸಿ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಸೂಜಿಯಿಂದ ಗಂಟಿನ ಸಣ್ಣ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಬಹಳವಿದೆ. ಈ ಭಯದಿಂದ ಬಯಾಪ್ಸಿ ಮುಂದೂಡಿದರೆ ಅಪಾಯ ರೋಗಿಗೇ. ಬಯಾಪ್ಸಿಯಿಲ್ಲದೆ ರೋಗ ಖಚಿತವಾಗದು. ಬರೀ ರಕ್ತಪರೀಕ್ಷೆಯನ್ನು ನಂಬಿ ಕೂರಬೇಡಿ.

ಕ್ಯಾನ್ಸರ್ ಎಂದಾದರೆ ಅದೇ ತುಣುಕಿನಲ್ಲಿ ಇ.ಆರ್., ಪಿ.ಆರ್. ಮತ್ತು ಹರ್-2 ಪರೀಕ್ಷೆಗಳನ್ನು ಮಾಡುತ್ತಾರೆ. ಮೊದಲೆರಡು ಪಾಸಿಟಿವ್ ಇದ್ದರೆ ಹಾರ್ಮೋನ್ ತಡೆಯುವ ಮಾತ್ರೆಗಳು ನೆರವಾಗುತ್ತವೆ. ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಝುಮಾಬ್‌ನಂತಹ ಇಂಜೆಕ್ಷನ್‌ಗಳಿವೆ. ಚಿಕಿತ್ಸೆ ಈ ವರದಿಯನ್ನೇ ಅವಲಂಬಿಸಿರುವುದರಿಂದ ಅದನ್ನು ಜೋಪಾನವಾಗಿಡಿ.

ಬೆಂಗಳೂರಿನ ಕಿದ್ವಾಯಿಯಂತಹ ಸರಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗಳ ಸೌಲಭ್ಯವಿದೆ. ಮನೆಯ ಗಂಡಸರಿಗೂ ಒಂದು ಮಾತು: ಪತ್ನಿಯೋ ತಾಯಿಯೋ ಗಂಟಿನ ಬಗ್ಗೆ ಹೇಳಿದರೆ ‘ಏನೂ ಆಗದು’ ಎಂದು ಸುಮ್ಮನಾಗಿಸಬೇಡಿ. ಜೊತೆಯಲ್ಲಿ ಆಸ್ಪತ್ರೆಗೆ ಹೊರಡಿ. ಬೇಗನೆ ಪತ್ತೆಯಾದರೆ ಸ್ತನ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು.