ಪಾಡ್‌ಕಾಸ್ಟ್ ಅಕ್ಷರರೂಪ | ಕನ್ನಡಕದ ಗೀರು ಟೂತ್‌ಪೇಸ್ಟ್‌ಗೆ ಹೋಗುತ್ತಾ?

ಕನ್ನಡಕ ಹಾಕಿದ್ದೀರಾ? ಹಾಗಿದ್ರೆ ಒಂದ್ನಿಮಿಷ ತೆಗೀರಿ. ಕಿಟಕಿ ಬೆಳಕಿಗೋ ಟ್ಯೂಬ್‌ಲೈಟಿಗೋ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆಗಳು ಕಾಣ್ತಾ ಇವೆಯಾ? ಬಹುತೇಕ ಎಲ್ಲರ ಕನ್ನಡಕದಲ್ಲೂ ಇರುತ್ತವೆ. ಇವತ್ತು ಮಾತಾಡೋದು ಈ ಗೀರುಗಳ ಬಗ್ಗೆ. ಇವು ಯಾಕೆ ಬೀಳ್ತವೆ, ಬಿದ್ದ ಮೇಲೆ ಹೋಗ್ತವಾ, ಬೀಳದ ಹಾಗೆ ಏನು ಮಾಡಬಹುದು ಅಂತ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯವಳು. ಹಾಗಾಗಿ ಉದಾಹರಣೆಗಳೆಲ್ಲ ನಮ್ಮ ಕಡೆಯವೇ. ಕೆಂಪು ಮಣ್ಣು, ಅಡಿಕೆ ತೋಟ, ಬಿಡದ ಮಳೆ. ಕನ್ನಡಕ ಹಾಳು ಮಾಡೋಕೆ ಇಷ್ಟು ಸಾಕು!

ಧೂಳು ಲೆನ್ಸಿಗಿಂತ ಗಟ್ಟಿ

ಮೊದಲು ಲೆನ್ಸ್ ಅಂದ್ರೆ ಏನು ಅಂತ ನೋಡೋಣ. ಅಜ್ಜನ ಕಾಲದ ಕನ್ನಡಕ ನಿಜವಾದ ಗಾಜಿನದ್ದು. ಭಾರ ಜಾಸ್ತಿ, ಬಿದ್ರೆ ಚೂರು. ಈಗ ನಾವು ಹಾಕೋದು ಹೆಚ್ಚಾಗಿ ಪ್ಲಾಸ್ಟಿಕ್. ಅಂಗಡಿಯಲ್ಲಿ 'ಸಿಆರ್-39' ಅಂತ ಹೇಳೋದನ್ನ ಕೇಳಿರಬಹುದು. 1940ರಲ್ಲಿ ಅಮೆರಿಕದಲ್ಲಿ ತಯಾರಾದ 'ಕೊಲಂಬಿಯಾ ರೆಸಿನ್' ಅನ್ನೋ ಸರಣಿಯ 39ನೇ ಪ್ರಯೋಗ ಅದು. ಹೆಸರಿಗೆ ಆ ಸಂಖ್ಯೆಯೇ ಅಂಟಿಕೊಂಡಿತು. ಇನ್ನೊಂದು ಪಾಲಿಕಾರ್ಬೊನೇಟ್. ಮಕ್ಕಳ ಕನ್ನಡಕಕ್ಕೆ, ಸುರಕ್ಷಾ ಕನ್ನಡಕಕ್ಕೆ ಬಳಸ್ತಾರೆ. ಬಿದ್ದರೂ ಸುಲಭಕ್ಕೆ ಒಡೆಯಲ್ಲ. ಆದರೆ ಮೈ ಮೆತ್ತಗೆ, ಬಹಳ ಬೇಗ ಗೀರು ಬೀಳುತ್ತೆ.

ಅದಕ್ಕೇ ಮೇಲೆ ಹಾರ್ಡ್ ಕೋಟಿಂಗ್ ಕೊಡ್ತಾರೆ. ಅದರ ದಪ್ಪ ಕೆಲವೇ ಮೈಕ್ರಾನ್. ಅದರ ಮೇಲೆ ಪ್ರತಿಫಲನ ತಡೆಯೋ ಪದರ, ಅಂದ್ರೆ ಎಆರ್ ಕೋಟಿಂಗ್. ಓರೆಯಾಗಿ ನೋಡಿದ್ರೆ ಹಸಿರೋ ನೀಲಿಯೋ ಹೊಳಪು ಕಾಣುತ್ತಲ್ಲ, ಅದೇ. ಇದು ಒಂದು ಮೈಕ್ರಾನ್‌ಗಿಂತಲೂ ತೆಳು. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದ್ರೆ, ನೀವೇ ಲೆಕ್ಕ ಹಾಕಿ.

ಈಗ ಧೂಳಿನ ವಿಷಯ. ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಸಣ್ಣ ಕಣಗಳು ಇರುತ್ತವೆ. ಗಟ್ಟಿತನ ಅಳೆಯೋ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7. ಸಾಮಾನ್ಯ ಗಾಜಿಗೇ ಐದೂವರೆ ಆಸುಪಾಸು. ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಕೆಳಗೆ. ಅಂದ್ರೆ ಬೈಕಲ್ಲಿ ಬಂದು ಇಳಿದು, ಕನ್ನಡಕ ತೆಗೆದು, 'ಹಾ' ಅಂತ ಉಸಿರು ಬಿಟ್ಟು, ಅಂಗಿ ತುದಿಯಲ್ಲಿ ಒರೆಸ್ತೀವಲ್ಲ, ಆಗ ಒರೆಸೋದು ಬಟ್ಟೆ ಅಲ್ಲ, ಕಲ್ಲಿನ ಪುಡಿ. ಬಟ್ಟೆ ಅದನ್ನ ಹಿಡ್ಕೊಂಡು ಲೆನ್ಸಿನ ಮೇಲೆ ಎಳೀತಾ ಇರುತ್ತೆ, ಅಷ್ಟೇ. ಸೀರೆ ಸೆರಗು, ಪಂಚೆ, ಬೈರಾಸು, ಎಲ್ಲದರದ್ದೂ ಇದೇ ಕಥೆ.

ತೋಟದಲ್ಲಿ ಬೋರ್ಡೋ, ಮನೆಯಲ್ಲಿ ಒಲೆ

ಮಲೆನಾಡಲ್ಲಿ ಇನ್ನೂ ಎರಡು ಶತ್ರುಗಳಿವೆ.

ಒಂದು ಬೋರ್ಡೋ. ಅಡಿಕೆಗೆ ಕೊಳೆರೋಗ ಬರದಿರಲಿ ಅಂತ ಮಳೆಗಾಲದ ಶುರುವಿಗೆ ಒಂದ್ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದ್ಸಲ ಔಷಧಿ ಹೊಡೀತಾರೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮುಂಚೆ ಕೊನೆಗಾರರು ಮರ ಹತ್ತಿ ಹೊಡೀತಿದ್ರು. ಈಗ ಎಷ್ಟೋ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಹಿಡಿದು, ನೆಲದ ಮೇಲೆ ನಿಂತು, ತಲೆ ಮೇಲೆತ್ತಿ ಹೊಡೀತಾರೆ. ಹನಿ ನೇರ ಮುಖಕ್ಕೇ ಬೀಳುತ್ತೆ. ಲೆನ್ಸಿನ ಮೇಲೆ ಬಿದ್ದದ್ದು ಒಣಗಿದ್ರೆ ನೀಲಿ ಚುಕ್ಕೆ, ಸುಣ್ಣದ ಗಟ್ಟಿ ಪುಡಿ. ಅದನ್ನ ಒಣಬಟ್ಟೆಯಲ್ಲಿ ಉಜ್ಜಿದ್ರೆ ಒಂದೇ ಮಧ್ಯಾಹ್ನಕ್ಕೆ ಕನ್ನಡಕ ಮುಗೀತು.

ನಿಮ್ಮನೆಯಲ್ಲಿ ಔಷಧಿ ಹೊಡೆಯೋರು ಇದ್ರೆ ಇಷ್ಟು ಹೇಳಿ: ಕನ್ನಡಕದ ಮೇಲೆ ಮುಚ್ಚಿಕೊಳ್ಳೋ ಸುರಕ್ಷಾ ಕನ್ನಡಕ ಹಾಕ್ಕೊಳ್ಳಿ. ಲೆನ್ಸ್ ಉಳಿಯುತ್ತೆ ಅನ್ನೋದಕ್ಕಿಂತ ದೊಡ್ಡ ಮಾತು, ಕಣ್ಣು ಉಳಿಯುತ್ತೆ. ಸುಣ್ಣ, ಮೈಲುತುತ್ತ ಎರಡೂ ಕಣ್ಣಿಗೆ ಒಳ್ಳೇದಲ್ಲ. ಆದರೂ ಲೆನ್ಸಿಗೆ ಹನಿ ತಾಗಿದ್ರೆ ಮನೆಗೆ ಬಂದು ನೀರಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ, ಆಮೇಲೆ ಹರಿಯೋ ನೀರಲ್ಲಿ ತೊಳೀರಿ. ಕೆರೆಯೋಕೆ ಹೋಗ್ಬೇಡಿ.

ಎರಡನೇದು ಬಿಸಿ. ಅಡಿಕೆ ಬೇಯಿಸೋ ಹಂಡೆ ಮುಂದೆ ಬಗ್ಗಿ ನೋಡೋದು, ಬಚ್ಚಲ ಒಲೆಗೆ ಕಟ್ಟಿಗೆ ತುಂಬೋದು, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕನ್ನಡಕ ಬಿಟ್ಟು ಹೋಗೋದು. ಬಿಸಿಗೆ ಪ್ಲಾಸ್ಟಿಕ್ ಹಿಗ್ಗುತ್ತೆ, ಮೇಲಿನ ಕೋಟಿಂಗ್ ಅಷ್ಟು ಹಿಗ್ಗಲ್ಲ. ಆಗ ಕೋಟಿಂಗ್ ಬಿರುಕು ಬಿಡುತ್ತೆ. ನೋಡೋಕೆ ಬೇಸಿಗೆಯಲ್ಲಿ ಒಣಗಿದ ಗದ್ದೆ ಮಣ್ಣಿನ ಹಾಗೆ, ಬಲೆ ಬಲೆಯಾಗಿ ಇರುತ್ತೆ. ಎಷ್ಟೋ ಜನ ಇದನ್ನೂ ಗೀರು ಅಂದ್ಕೊಳ್ತಾರೆ. ಗೀರು ಒಂದು ದಿಕ್ಕಿಗೆ ಎಳೆದ ಗೆರೆ. ಬಿಸಿಯ ಬಿರುಕು ಬಲೆಯ ಹಾಗೆ ಹರಡಿರುತ್ತೆ.

ಟೂತ್‌ಪೇಸ್ಟ್ ಹಚ್ಚಬಹುದಾ?

ರೀಲ್ಸ್ ನೋಡಿದ್ದೀರಿ. ಟೂತ್‌ಪೇಸ್ಟ್ ಹಚ್ಚಿ, ವೃತ್ತಾಕಾರದಲ್ಲಿ ಉಜ್ಜಿ, ತೊಳೆದು, 'ನೋಡಿ ಹೊಸದಾಯ್ತು' ಅಂತಾರೆ. ಅಡಿಗೆ ಸೋಡಾ ಹಚ್ಚೋರೂ ಇದ್ದಾರೆ.

ನೇರವಾಗಿ ಹೇಳ್ತೀನಿ, ಬೇಡ. ಗೀರು ಅಂದ್ರೆ ಕೊಳೆ ಅಲ್ಲ, ಹಳ್ಳ. ಹಳ್ಳ ಹೋಗಬೇಕಂದ್ರೆ ಸುತ್ತಲಿನ ನೆಲವನ್ನೆಲ್ಲ ಅದೇ ಮಟ್ಟಕ್ಕೆ ಕೆರೆದು ತೆಗೀಬೇಕು. ಟೂತ್‌ಪೇಸ್ಟ್ ಮಾಡೋದೂ ಅದನ್ನೇ. ಅದರಲ್ಲಿರೋ ಸಣ್ಣ ಪುಡಿ ಕೋಟಿಂಗನ್ನೇ ಕೆರೆದು ಹಾಕುತ್ತೆ. ಒಂದು ಗೀರಿನ ಜಾಗದಲ್ಲಿ ನೂರು ಸಣ್ಣ ಗೀರು ಬಂದು, ಆ ಭಾಗ ಮಂಜು ಕವಿದ ಹಾಗಾಗುತ್ತೆ. ಜೊತೆಗೆ ಲೆನ್ಸಿನ ಪವರ್ ಇರೋದು ಅದರ ಮೈಯ ಬಾಗಿನಲ್ಲಿ. ಒಂದೇ ಕಡೆ ಉಜ್ಜಿ ಉಜ್ಜಿ ತಗ್ಗು ಮಾಡಿದ್ರೆ ನೋಟವೇ ಅಲೆಅಲೆಯಾಗುತ್ತೆ. ಕಾರಿನ ಮೇಣ ಹಚ್ಚಿದ್ರೆ ಹಳ್ಳ ತಾತ್ಕಾಲಿಕವಾಗಿ ತುಂಬಿ ಕಾಣಿಸದ ಹಾಗಾಗಬಹುದು, ಆದರೆ ಮೇಲೆ ಜಿಡ್ಡು ಉಳಿಯುತ್ತೆ.

ಬಿದ್ದ ಗೀರನ್ನ ಮನೆಯಲ್ಲಿ ತೆಗೆಯೋ ದಾರಿ ಇಲ್ಲ. ಸಮಾಧಾನದ ವಿಷಯ ಅಂದ್ರೆ ಇಡೀ ಕನ್ನಡಕ ಬದಲಾಯಿಸಬೇಕಾಗಿಲ್ಲ. ಫ್ರೇಮ್ ಗಟ್ಟಿಯಾಗಿದ್ರೆ ಅದಕ್ಕೇ ಹೊಸ ಲೆನ್ಸ್ ಹಾಕಿಸಬಹುದು. ಅಂಗಡಿಯಲ್ಲಿ ಇದನ್ನ ಬಾಯಿಬಿಟ್ಟು ಕೇಳಿ. ಹಾಗೇ ಕೋಟಿಂಗ್‌ಗೆ ವಾರಂಟಿ ಇದೆಯಾ, ಎಷ್ಟು ತಿಂಗಳು ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಗೀರಿನ ಹಿಂದೆ ಅಡಗಿದ್ದು

ಗೀರು ಬಿದ್ದ ಕನ್ನಡಕ ಹಾಕಿದ್ರೆ ಕಣ್ಣು ಕೆಡುತ್ತಾ? ಇಲ್ಲ. ಆದರೆ ನೋಟ ಕೆಡುತ್ತೆ, ಅದರಲ್ಲೂ ರಾತ್ರಿ. ಎದುರಿನ ಗಾಡಿಯ ಬೆಳಕು ಪ್ರತಿ ಗೀರಿಗೂ ತಾಗಿ ಚದುರಿ, ಕಣ್ಣ ಮುಂದೆ ಬಿಳಿ ಪರದೆ ಕಟ್ಟುತ್ತೆ. ತಿರುವಿನ ರಸ್ತೆ, ಮೇಲಿಂದ ಮಳೆ. ಆ ಎರಡು ಸೆಕೆಂಡಲ್ಲಿ ರಸ್ತೆ ಅಂಚಲ್ಲಿ ನಡೀತಾ ಇರೋರು ಕಾಣದೇ ಹೋಗಬಹುದು.

ನಮ್ಮ ಚಿಕ್ಕಪ್ಪ ಇದನ್ನೇ ಹೇಳ್ತಿದ್ರು. "ಎಂತ ಮಾರಾಯ್ತಿ, ರಾತ್ರಿ ಎದುರಿಂದ ಗಾಡಿ ಬಂದ್ರೆ ಎಂತದೂ ಕಾಣ್ಸಲ್ಲ. ಈ ಕನ್ನಡಕ ಗೀರಿ ಹೋಗಿದೆ, ಅಡಿಕೆ ಕೊಟ್ಟ ಮೇಲೆ ಬದಲಾಯ್ಸಣ" ಅಂತ. ಗೀರು ಇದ್ದದ್ದು ನಿಜ. ಲೆನ್ಸ್ ಹಾಕಿಸೋಕೆ ಹೋದಾಗ ಮೊದಲು ಕಣ್ಣು ಪರೀಕ್ಷೆ ಮಾಡಿಸಿದ್ರು. ನೋಡಿದ್ರೆ ಎಡಗಣ್ಣಲ್ಲಿ ಪೊರೆ ಶುರುವಾಗಿತ್ತು. ಹೊಸ ಲೆನ್ಸ್ ಮಾತ್ರ ಹಾಕಿಸಿ ಬಂದಿದ್ರೆ ಆ ಮಬ್ಬು ಹೋಗ್ತಾನೇ ಇರಲಿಲ್ಲ.

ಇಡೀ ಎಪಿಸೋಡಿನಲ್ಲಿ ನೀವು ಇದೊಂದನ್ನ ನೆನಪಿಟ್ಟುಕೊಂಡ್ರೂ ಸಾಕು. ಪೊರೆ ಬಂದ ಕಣ್ಣಿಗೂ, ಗೀರು ಬಿದ್ದ ಲೆನ್ಸಿಗೂ ರಾತ್ರಿಯ ತೊಂದರೆ ಒಂದೇ ಥರ ಕಾಣುತ್ತೆ, ದೀಪದ ಸುತ್ತ ಪ್ರಭೆ, ಬೆಳಕು ಚದುರೋದು. ಮನೆಯ ಹಿರಿಯರು 'ಕನ್ನಡಕ ಗೀರಿದೆ' ಅಂದಾಗ ಅಂಗಡಿಗೆ ಮಾತ್ರ ಕರ್ಕೊಂಡು ಹೋಗ್ಬೇಡಿ, ಮೊದಲು ಕಣ್ಣು ತೋರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ, ಪೊರೆ ಶಸ್ತ್ರಚಿಕಿತ್ಸೆಗೆ, ಶಾಲಾ ಮಕ್ಕಳ ಕನ್ನಡಕಕ್ಕೆ ನೆರವು ಅದರಲ್ಲಿ ಬರುತ್ತೆ. ರಾಜ್ಯ ಸರ್ಕಾರದ 'ಆಶಾಕಿರಣ' ಯೋಜನೆಯಲ್ಲೂ ಉಚಿತ ತಪಾಸಣೆ, ಕನ್ನಡಕ ಕೊಡ್ತಾರೆ. ನಿಮ್ಮೂರಲ್ಲಿ ಯಾವಾಗ, ಎಲ್ಲಿ ಅಂತ ಆಶಾ ಕಾರ್ಯಕರ್ತೆಯರನ್ನ ಕೇಳಿ.

ದಿನಕ್ಕೆ ಅರ್ಧ ನಿಮಿಷ

ಇನ್ನು ತೊಳೆಯೋ ಕ್ರಮ. ಮೊದಲು ನಿಮ್ಮ ಕೈ ತೊಳ್ಕೊಳ್ಳಿ. ನಲ್ಲಿ ನೀರಿನ ಕೆಳಗೆ ಕನ್ನಡಕ ಹಿಡೀರಿ, ಧೂಳು ತಾನಾಗೇ ಹರಿದು ಹೋಗಲಿ. ತಣ್ಣೀರು ಸಾಕು, ಹಂಡೆಯ ಬಿಸಿನೀರು ಬೇಡ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ ಹಾಕಿ, ಬೆರಳ ತುದಿಯಲ್ಲಿ ಎರಡೂ ಕಡೆ ಮೆಲ್ಲಗೆ ಸವರಿ. ಮೂಗಿನ ಹತ್ತಿರದ ಪ್ಯಾಡ್, ಫ್ರೇಮಿನ ಅಂಚು ಬಿಡ್ಬೇಡಿ, ಧೂಳು ಕೂರೋದೇ ಅಲ್ಲಿ. ಮತ್ತೆ ತೊಳೆದು, ನೀರು ಕೊಡವಿ, ಮೈಕ್ರೊಫೈಬರ್ ಬಟ್ಟೆಯಲ್ಲೋ ತೊಳೆದ ಮೆತ್ತನೆ ಹತ್ತಿ ಬಟ್ಟೆಯಲ್ಲೋ ಒತ್ತಿ ಒರೆಸಿ.

ಬಟ್ಟೆಯನ್ನೂ ತೊಳೀಬೇಕು! ವಾರಕ್ಕೊಂದ್ಸಲ, ಸೋಪಿನ ನೀರಲ್ಲಿ. ಘಮಘಮ ಅನ್ನೋ ಕಂಡೀಷನರ್ ಹಾಕ್ಬೇಡಿ, ಲೆನ್ಸಿಗೆ ಜಿಡ್ಡಾಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಎಂತದೂ ಒಣಗಲ್ಲ ಅನ್ನೋದು ಗೊತ್ತಿದ್ದದ್ದೇ, ಹಾಗಾಗಿ ಎರಡು ಬಟ್ಟೆ ಇಟ್ಕೊಳ್ಳಿ.

ಟಿಶ್ಯೂ, ಪೇಪರ್ ಬೇಡ. ಕಿಟಕಿ ಗಾಜು ಒರೆಸೋ ಸ್ಪ್ರೇ, ಉಗುರುಬಣ್ಣ ತೆಗೆಯೋ ದ್ರವ ಖಂಡಿತ ಬೇಡ. ಕೋಟಿಂಗ್ ಕಿತ್ತು ಬರುತ್ತೆ, ಕೆಲವು ಪ್ಲಾಸ್ಟಿಕ್ಕೇ ಕೆಡುತ್ತೆ.

ಇಡುವಾಗ ಲೆನ್ಸ್ ಮೇಲ್ಮುಖ ಇರಲಿ. ಜೇಬಿನಲ್ಲಿ ಕೀ, ಚಿಲ್ಲರೆ ಜೊತೆ ಹಾಕ್ಬೇಡಿ. ಹೆಲ್ಮೆಟ್ ಹಾಕೋ ಮೊದಲು ಕನ್ನಡಕ ತೆಗೀರಿ, ಹಾಕಿದ ಮೇಲೆ ಎರಡೂ ಕೈಯಲ್ಲಿ ಒಳಗೆ ತೂರಿಸಿ. ಗಾಡಿ ಓಡಿಸುವಾಗ ಹೆಲ್ಮೆಟ್ ಗಾಜು ಕೆಳಗಿರಲಿ, ಧೂಳನ್ನ ಅದು ತಿನ್ನಲಿ. ಮತ್ತೆ ಅಂಗಡಿಯಲ್ಲಿ ಕೊಟ್ಟ ಆ ಡಬ್ಬಿ ಕಪಾಟಿನಲ್ಲಿ ಇಡೋಕೆ ಕೊಟ್ಟಿದ್ದಲ್ಲ, ಬ್ಯಾಗಲ್ಲಿ ಇರಲಿ.

ಮನೆಯಲ್ಲಿ ಕನ್ನಡಕ ಹಾಕೋರಿಗೆಲ್ಲ ಈ ಎಪಿಸೋಡ್ ಕಳಿಸಿ. ಫೋನ್ ಬಳಸದ ಹಿರಿಯರಿದ್ರೆ ಅವರ ಕನ್ನಡಕ ಇವತ್ತು ನೀವೇ ತೊಳೆದು ಕೊಡಿ. ರಾತ್ರಿ ಬೆಳಕು ಹೇಗೆ ಕಾಣುತ್ತೆ ಅಂತಾನೂ ಕೇಳಿ. ಮತ್ತೆ ಸಿಗೋಣ, ನಮಸ್ಕಾರ.